ಮಕ್ಕಳ ಬಿಡದ ಕೆಮ್ಮು, ಉಬ್ಬಸ: ಆಹಾರದ ಮೇಲಿನ ಸಂದೇಹ ಎಷ್ಟರ ಮಟ್ಟಿಗೆ ಸರಿ?

ಪ್ರಶ್ನೆ: ನಸುಕು

ನಮ್ಮ ಮಗಳಿಗೆ ಈಗ ಐದು ವರ್ಷ. ಎರಡನೆಯ ವರ್ಷದಿಂದಲೂ ನೆಗಡಿ ಬಂತೆಂದರೆ ಅದು ಮೂಗಿನಲ್ಲಿ ನಿಲ್ಲದೆ ಎದೆಗಿಳಿಯುತ್ತದೆ. ರಾತ್ರಿಯ ಹೊತ್ತು ಕೆಮ್ಮು ಹೆಚ್ಚಾಗಿ, ಉಸಿರು ಬಿಡುವಾಗ ಸುಂಯ್ ಎಂಬ ಸದ್ದು ಕೇಳಿಸುತ್ತದೆ. ಕೂಸಾಗಿದ್ದಾಗ ಮೊಣಕೈ ಮತ್ತು ಮಂಡಿಗಳ ಮಡಿಕೆಯಲ್ಲಿ ಇಸುಬು ಇತ್ತು. ಅದು ಈಗ ಬಹುಮಟ್ಟಿಗೆ ವಾಸಿಯಾಗಿದೆ. ಮಕ್ಕಳ ವೈದ್ಯರು ಇದು ಅಸ್ತಮಾ ಎಂದು ತೀರ್ಮಾನಿಸಿ, ಸ್ಪೇಸರ್ (ಔಷಧವನ್ನು ಹಿಡಿದಿಟ್ಟು ನಿಧಾನವಾಗಿ ಉಸಿರಿಗೆಳೆಯಲು ನೆರವಾಗುವ ಕೊಳವೆ) ಜೋಡಿಸಿ ದಿನವೂ ಕೊಡಬೇಕಾದ ಸ್ಟೀರಾಯ್ಡ್ ಇನ್ಹೇಲರ್ ಬರೆದುಕೊಟ್ಟಿದ್ದಾರೆ.

ನನ್ನ ಗೊಂದಲವಿರುವುದು ಆಹಾರದ ವಿಷಯದಲ್ಲಿ. ಹಾಲು ಕಫ ಕಟ್ಟಿಸುತ್ತದೆ, ಗೋಧಿ ಶ್ವಾಸನಾಳವನ್ನು ಊದಿಸುತ್ತದೆ, ಮೊಟ್ಟೆ ಕೊಡಲೇಬಾರದು ಎಂದು ಹೇಳುವವರ ಮಾತು ಕೇಳಿ ಮೂರನ್ನೂ ಒಮ್ಮೆಗೇ ನಿಲ್ಲಿಸಿದೆವು. ಮೊದಲ ಕೆಲವು ವಾರ ಕೆಮ್ಮು ನಿಜಕ್ಕೂ ಕಡಿಮೆಯಾಯಿತು. ಆಮೇಲೆ ಮತ್ತೊಂದು ನೆಗಡಿ ಬಂದು ಎಲ್ಲವೂ ಮೊದಲಿನಂತೆಯೇ ಆಯಿತು. ಈ ನಡುವೆ ಒಂದು ಖಾಸಗಿ ಪ್ರಯೋಗಾಲಯದಲ್ಲಿ 'ಆಹಾರ ಒಗ್ಗದಿರುವಿಕೆ'ಯ ರಕ್ತಪರೀಕ್ಷೆಯನ್ನೂ ಮಾಡಿಸಿದೆವು. ಅದರ ವರದಿಯಲ್ಲಿ ಹಾಲು, ಗೋಧಿ, ಮೊಟ್ಟೆಯ ಜೊತೆಗೆ ಅಕ್ಕಿ, ಬಾಳೆಹಣ್ಣು, ಟೊಮೇಟೊ ಸೇರಿದಂತೆ ಅವಳು ದಿನನಿತ್ಯ ತಿನ್ನುವ ಬಹುತೇಕ ಪದಾರ್ಥಗಳ ಮುಂದೆ ಕೆಂಪು ಗುರುತಿದೆ. ಇವೆಲ್ಲವನ್ನೂ ಬಿಟ್ಟರೆ ಮಗುವಿಗೆ ಕೊಡಲು ಉಳಿಯುವುದೇನು ಎಂಬುದೇ ತಿಳಿಯುತ್ತಿಲ್ಲ. ಇವುಗಳಲ್ಲಿ ಯಾವುದನ್ನು ತಿಂದಾಗಲೂ ಅವಳಿಗೆ ತಕ್ಷಣ ದದ್ದು, ವಾಂತಿ, ತುಟಿ ಊತ ಆದದ್ದಿಲ್ಲ.

ತಿಳಿದವರಲ್ಲಿ ನಾನು ಕೇಳುವುದು ಇಷ್ಟು. ಹೊಟ್ಟೆಗೆ ಒಗ್ಗದ ಆಹಾರವು ಶ್ವಾಸನಾಳದಲ್ಲಿ ದೀರ್ಘಕಾಲದ ಕಾಯಿಲೆಯನ್ನು ಉಂಟುಮಾಡಬಲ್ಲದೆ? ಇಂತಹ ವರದಿಯನ್ನು ನಂಬಬಹುದೆ? ನಂಬಬಾರದೆಂದಾದರೆ, ನಿಜವಾದ ಕಾರಣ ಆಹಾರವೋ ಅಲ್ಲವೋ ಎಂಬುದನ್ನು ಪತ್ತೆ ಮಾಡುವ ಸರಿಯಾದ ವಿಧಾನ ಯಾವುದು? ಆಹಾರವೇ ಮೂಲವಾಗಿದ್ದರೆ ಇನ್ಹೇಲರ್ ಬಿಡಿಸಬಹುದೆಂಬ ಆಸೆಯೂ ನಮಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಉತ್ತರ: ಎಳೆಯುಸಿರು

ಮಕ್ಕಳ ಶ್ವಾಸಕೋಶದ ಕಾಯಿಲೆಗಳನ್ನು ನೋಡುವ ವೈದ್ಯನಾಗಿ ಈ ಪ್ರಶ್ನೆಯನ್ನು ಬಹಳಷ್ಟು ತಂದೆತಾಯಂದಿರಿಂದ ಕೇಳಿದ್ದೇನೆ. ಮಗಳನ್ನು ಪರೀಕ್ಷಿಸದೆ ಅವಳ ಬಗ್ಗೆ ತೀರ್ಪು ಕೊಡಲಾರೆ. ವಿಷಯದ ಬಗ್ಗೆ ಹೇಳಬಲ್ಲೆ.

ಆಹಾರದಿಂದ ಆಗುವ ತೊಂದರೆಗಳೆಲ್ಲ ಒಂದೇ ದಾರಿಯಲ್ಲಿ ಬರುವುದಿಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಸಣ್ಣಕರುಳಿನಲ್ಲಿ ಕಡಿಮೆಯಾದರೆ, ಜೀರ್ಣವಾಗದೆ ಉಳಿದ ಸಕ್ಕರೆ ದೊಡ್ಡಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ, ಹೊಟ್ಟೆಯುಬ್ಬರ, ಗ್ಯಾಸು, ಭೇದಿಗಳನ್ನು ಉಂಟುಮಾಡುತ್ತದೆ. ಕಥೆ ಅಲ್ಲಿಗೆ ಮುಗಿಯುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಇದರಲ್ಲಿ ಪಾತ್ರವೇ ಇಲ್ಲದಿರುವುದರಿಂದ, ಲ್ಯಾಕ್ಟೋಸ್ ಒಗ್ಗದ ಮಗುವಿಗೆ ಅದೇ ಕಾರಣದಿಂದ ಉಬ್ಬಸ ಬರುವ ದಾರಿಯಿಲ್ಲ. ಆಹಾರದ ಅಲರ್ಜಿ ಹಾಗಲ್ಲ. ಅಲ್ಲಿ ಹಾಲಿನ ಅಥವಾ ಮೊಟ್ಟೆಯ ಪ್ರೋಟೀನನ್ನು ದೇಹವು ಶತ್ರುವೆಂದು ಗುರುತಿಸಿ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಂಡಿರುತ್ತದೆ. ಆ ಪ್ರೋಟೀನು ಮತ್ತೆ ಒಳಹೊಕ್ಕಾಗ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಇದು ಸಾಮಾನ್ಯವಾಗಿ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ನಡೆದುಹೋಗುತ್ತದೆ. ಇದರಲ್ಲಿ ಉಬ್ಬಸ ಬರಬಹುದು, ಅಪಾಯಕಾರಿಯಾಗಿಯೂ ಬರಬಹುದು. ಆದರೆ ಬಹುತೇಕ ಮಕ್ಕಳಲ್ಲಿ ಅದು ಒಂಟಿಯಾಗಿ ಬರುವುದಿಲ್ಲ. ಚರ್ಮದ ಮೇಲೆ ದದ್ದು, ತುಟಿ ಅಥವಾ ಕಣ್ಣಿನ ರೆಪ್ಪೆಯ ಊತ, ವಾಂತಿ, ಹೊಟ್ಟೆನೋವು ಇವುಗಳಲ್ಲಿ ಒಂದಾದರೂ ಜೊತೆಗಿರುತ್ತದೆ. ಚರ್ಮದಲ್ಲೂ ಹೊಟ್ಟೆಯಲ್ಲೂ ಯಾವ ಲಕ್ಷಣವೂ ಇಲ್ಲದೆ, ವರ್ಷಗಟ್ಟಲೆ ಬರಿಯ ಕೆಮ್ಮು–ಉಬ್ಬಸವಾಗಿ ಮಾತ್ರ ಕಾಣಿಸಿಕೊಳ್ಳುವ ಆಹಾರದ ಅಲರ್ಜಿ ವಿರಳ. ಯಾವುದನ್ನು ತಿಂದಾಗಲೂ ತಕ್ಷಣ ದದ್ದು, ವಾಂತಿ, ಊತ ಆದದ್ದಿಲ್ಲ ಎಂದು ನೀವು ಬರೆದಿರುವ ಸಾಲು ನನಗೆ ಮುಖ್ಯವಾಗಿ ಕಂಡದ್ದು ಈ ಕಾರಣಕ್ಕೆ.

ಹಾಗಾದರೆ ಎದೆ ಪದೇಪದೇ ಹಿಡಿದುಕೊಳ್ಳುವುದೇಕೆ? ಈ ವಯಸ್ಸಿನಲ್ಲಿ ಮೊದಲ ಆರೋಪಿ ವೈರಸ್. ಇಂಗ್ಲೆಂಡಿನಲ್ಲಿ 9ರಿಂದ 11 ವರ್ಷದ ಮಕ್ಕಳನ್ನು ಹಿಂಬಾಲಿಸಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉಬ್ಬಸ ಉಲ್ಬಣಿಸಿದ ಸಂದರ್ಭಗಳ ಪೈಕಿ ಶೇಕಡಾ 80ರಿಂದ 85ರಲ್ಲಿ ಶ್ವಾಸಮಾರ್ಗದ ವೈರಸ್ ಪತ್ತೆಯಾಯಿತು. ಅವುಗಳಲ್ಲಿ ಹೆಚ್ಚಿನವು ಸಾಧಾರಣ ನೆಗಡಿಯ ರೈನೋವೈರಸ್‌ಗಳೇ. ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಗುವಿಗೆ ವರ್ಷಕ್ಕೆ ಆರೆಂಟು ನೆಗಡಿ ಬರುವುದು ಅಸಹಜವಲ್ಲ. ಒಂದೊಂದು ನೆಗಡಿಯ ಕೆಮ್ಮೂ ಎರಡು ಮೂರು ವಾರ ಎಳೆದರೆ, ವರ್ಷದ ಬಹುಭಾಗ ಮಗು ಕೆಮ್ಮುತ್ತಲೇ ಇರುವಂತೆ ಕಾಣುತ್ತದೆ. ಈ ಏರಿಳಿತದ ನಡುವೆ ಯಾವ ಪಥ್ಯವನ್ನು ಶುರುಮಾಡಿದರೂ ಅದು ಫಲಿಸಿದಂತೆ ತೋರುವುದು ಸಹಜ, ಏಕೆಂದರೆ ನಾವು ಪಥ್ಯಕ್ಕೆ ಕೈಹಾಕುವುದೇ ಕಾಯಿಲೆ ತುತ್ತತುದಿಗೆ ಏರಿದಾಗ. ಅಲ್ಲಿಂದ ಮುಂದೆ ಅದು ಏನು ಮಾಡಿದರೂ, ಏನೂ ಮಾಡದಿದ್ದರೂ, ಇಳಿಯುವುದೇ ಹೆಚ್ಚು.

ವಯಸ್ಸೂ ಇದೇ ಬಗೆಯ ಭ್ರಮೆಯನ್ನು ಹುಟ್ಟಿಸುತ್ತದೆ. ಅಮೆರಿಕದ ಟೂಸಾನ್ ನಗರದಲ್ಲಿ 1980ರಲ್ಲಿ ಆರಂಭವಾದ ಪ್ರಸಿದ್ಧ ಅಧ್ಯಯನದಲ್ಲಿ, ಮೊದಲ ಮೂರು ವರ್ಷಗಳಲ್ಲಿ ಸುಮಾರು ಮೂರನೇ ಒಂದರಷ್ಟು ಮಕ್ಕಳಿಗೆ ಉಬ್ಬಸ ಕಾಣಿಸಿಕೊಂಡಿತ್ತು; ಆರನೆಯ ವರ್ಷದ ಹೊತ್ತಿಗೆ ಅವರಲ್ಲಿ ಹತ್ತಕ್ಕೆ ಆರು ಮಕ್ಕಳಲ್ಲಿ ಅದು ತಾನಾಗಿ ನಿಂತುಹೋಗಿತ್ತು. ಆ ಅವಧಿಯಲ್ಲಿ ಯಾವ ಆಹಾರವನ್ನು ಬಿಡಿಸಿದ್ದರೋ ಆ ಆಹಾರಕ್ಕೆ ಅಪವಾದ ಖಾಯಂ ಆಗುತ್ತದೆ. ನಿಮ್ಮ ಮಗಳಿಗೆ ಇಸುಬು ಇದ್ದದ್ದರಿಂದ ಅವಳ ಉಬ್ಬಸ ಹಾಗೆ ತಾನಾಗಿ ನಿಲ್ಲುವ ಗುಂಪಿಗೆ ಸೇರುವ ಸಂಭವ ಸ್ವಲ್ಪ ಕಡಿಮೆ, ಆದ್ದರಿಂದಲೇ ಔಷಧದ ಅಗತ್ಯ ಹೆಚ್ಚು.

ಹಾಲು ಮತ್ತು ಕಫದ ನಂಟಿನ ಮಾತು ಇಂದಿನದಲ್ಲ. 12ನೇ ಶತಮಾನದ ವೈದ್ಯ ಮೈಮೊನಿಡಿಸ್ ಕೂಡ ಅಸ್ತಮಾದ ಕುರಿತು ಬರೆಯುವಾಗ ಅದನ್ನು ಪ್ರಸ್ತಾಪಿಸಿದ್ದಾನೆ. ಆಸ್ಟ್ರೇಲಿಯಾದಲ್ಲಿ ಇದನ್ನು ಅಳೆದೇ ನೋಡಿದರು. 60 ಸ್ವಯಂಸೇವಕರ ಮೂಗಿಗೆ ರೈನೋವೈರಸ್ ಹಾಕಿ, ಅವರು ದಿನಕ್ಕೆ ಕುಡಿದ ಹಾಲಿನ ಲೆಕ್ಕವಿಟ್ಟು, ಮೂಗು ಸೀನಿದ ಕಾಗದದ ಕರವಸ್ತ್ರಗಳನ್ನು ತೂಗಿ ಸಿಂಬಳದ ಪ್ರಮಾಣವನ್ನು ಕಂಡುಕೊಂಡರು. ದಿನಕ್ಕೆ ಹನ್ನೊಂದು ಲೋಟ ಕುಡಿದವರೂ ಅವರಲ್ಲಿದ್ದರು. 1990ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಕುಡಿದ ಹಾಲಿಗೂ ಸುರಿದ ಸಿಂಬಳಕ್ಕೂ ಸಂಬಂಧವಿರಲಿಲ್ಲ. ಇದು ವಯಸ್ಕರ ಮೇಲಿನ ಪ್ರಯೋಗವೆಂಬುದು ನಿಜ. ಆದರೂ ಹಾಲು ಕುಡಿದ ಮೇಲೆ ಗಂಟಲಿನಲ್ಲಿ ಏನೋ ದಪ್ಪಗೆ ಅಂಟಿದಂತೆ ಅನ್ನಿಸುವುದು ಸುಳ್ಳಲ್ಲ. ಹಾಲಿನ ಕೊಬ್ಬಿನ ಕಣಗಳು ಜೊಲ್ಲಿನೊಂದಿಗೆ ಬೆರೆತು ಗುಂಪುಗೂಡುವುದರಿಂದ ಸ್ವಲ್ಪ ಹೊತ್ತು ಹಾಗೆ ಅನ್ನಿಸುತ್ತದೆ. ಅದು ಎದೆಯ ಕಫವಲ್ಲ.

ಅಲರ್ಜಿಯಲ್ಲದೆಯೂ ಶ್ವಾಸನಾಳವನ್ನು ನಿಜವಾಗಿ ಕೆಣಕಬಲ್ಲ ಆಹಾರದ ಅಂಶವೆಂದರೆ ಸಲ್ಫೈಟ್. ಒಣಹಣ್ಣು, ಬಾಟಲಿಯಲ್ಲಿ ಬರುವ ನಿಂಬೆರಸ ಮುಂತಾದವು ಕೆಡದಂತೆ, ಬಣ್ಣಗೆಡದಂತೆ ಬಳಸುವ ಈ ಸಂರಕ್ಷಕಗಳು ಪೊಟ್ಟಣದ ಮೇಲೆ ಇ 220ರಿಂದ ಇ 228ರವರೆಗಿನ ಸಂಖ್ಯೆಗಳಲ್ಲಿ ನಮೂದಾಗಿರುತ್ತವೆ. ಇವು ಬಾಯಿಯಲ್ಲೂ ಜಠರದ ಆಮ್ಲದಲ್ಲೂ ಗಂಧಕದ ಡೈಆಕ್ಸೈಡ್ ಅನಿಲವನ್ನು ಬಿಡುತ್ತವೆ, ಅಸ್ತಮಾ ಇರುವ ಕೆಲವರಲ್ಲಿ ಆ ಅನಿಲ ಶ್ವಾಸನಾಳವನ್ನು ನಿಮಿಷಗಳಲ್ಲಿ ಬಿಗಿಯುತ್ತದೆ. ಹಸಿಯಾಗಿ ತಿನ್ನುವ ಹಣ್ಣುತರಕಾರಿಗಳ ಮೇಲೆ ಇದರ ಬಳಕೆಯನ್ನು ಅಮೆರಿಕ 1986ರಲ್ಲಿ ನಿಷೇಧಿಸಿದ್ದು ಇಂತಹ ಪ್ರಸಂಗಗಳ ನಂತರವೇ. ಹಳದಿ ಬಣ್ಣದ ಟಾರ್ಟ್ರಜೀನ್ ಮೇಲೂ ಇದೇ ಆಪಾದನೆ ಬಹುಕಾಲದಿಂದಿದೆ. ಆದರೆ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಅದನ್ನು ಬಿಟ್ಟದ್ದರಿಂದ ಅಸ್ತಮಾ ಸುಧಾರಿಸಿತೆಂಬುದಕ್ಕೆ ಆಧಾರ ಸಿಕ್ಕಿಲ್ಲ.

ಇನ್ಹೇಲರಿನ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಆಹಾರದ ಅಲರ್ಜಿ ಮತ್ತು ಅಸ್ತಮಾ ಒಂದೇ ಅಲರ್ಜಿ ಪ್ರವೃತ್ತಿಯ ಮಕ್ಕಳಲ್ಲಿ ಜೊತೆಜೊತೆಯಾಗಿ ಕಾಣಿಸಿಕೊಳ್ಳುತ್ತವೆ. ಎಳೆತನದ ಇಸುಬು, ಮೊಟ್ಟೆಗೆ ಅಲರ್ಜಿ, ಮುಂದೆ ಮೂಗಿನ ಅಲರ್ಜಿ, ಅಸ್ತಮಾ ಎಂಬ ಸಾಲು ನಮಗೆಲ್ಲ ಪರಿಚಿತ. ಆದರೆ ಸಾಲಿನಲ್ಲಿ ಮೊದಲು ಬಂದದ್ದೇ ಮುಂದಿನದಕ್ಕೆ ಕಾರಣವೆಂದು ಹೇಳಲಾಗದು. ಆಹಾರದ ಅಲರ್ಜಿ ದೃಢಪಟ್ಟ ಮಗುವಿನಲ್ಲಿ ಕೂಡ ಅಸ್ತಮಾಕ್ಕೆ ಅಸ್ತಮಾದ ಚಿಕಿತ್ಸೆಯೇ ಬೇಕು, ಮತ್ತು ಅಂತಹ ಮಗುವಿಗೆ ಅದು ಇನ್ನೂ ಹೆಚ್ಚು ಬೇಕು. ಏಕೆಂದರೆ ಹತೋಟಿಯಲ್ಲಿಲ್ಲದ ಅಸ್ತಮಾ ಇರುವವರಲ್ಲಿಯೇ ಆಹಾರದ ಅಲರ್ಜಿ ಪ್ರಾಣಾಪಾಯಕ್ಕೆ ತಿರುಗುವುದು ಹೆಚ್ಚು. ಪಥ್ಯದ ಭರವಸೆಯಲ್ಲಿ ಇನ್ಹೇಲರ್ ನಿಲ್ಲಿಸಬೇಡಿ. ಅದು ಕೆಲಸ ಮಾಡುತ್ತಿಲ್ಲವೆನಿಸಿದರೆ, ಮುಂದಿನ ಭೇಟಿಯಲ್ಲಿ ನೀವು ಹೇಗೆ ಕೊಡುತ್ತೀರಿ ಎಂಬುದನ್ನು ವೈದ್ಯರ ಎದುರಿಗೇ ಮಾಡಿ ತೋರಿಸಿ. ಮಾಸ್ಕು ಮುಖಕ್ಕೆ ಸರಿಯಾಗಿ ಕೂರದಿರುವುದು, ಎರಡು ಸಲ ಒತ್ತಿ ಒಮ್ಮೆಗೇ ಎಳೆಯಿಸುವುದು, ಮಗು ಅಳುತ್ತಿರುವಾಗ ಕೊಡುವುದು, ಇವುಗಳಿಂದ ಔಷಧ ಎದೆಗೆ ಇಳಿಯುವುದೇ ಇಲ್ಲ.

ಉತ್ತರ: ಅಳತೆಬಟ್ಟಲು

ಮಕ್ಕಳ ಆಹಾರತಜ್ಞೆಯಾಗಿ, ಆ ರಕ್ತಪರೀಕ್ಷೆಯ ವಿಷಯವನ್ನು ನಾನು ಎತ್ತಿಕೊಳ್ಳುತ್ತೇನೆ.

ಕೆಂಪು ಗುರುತುಗಳ ಉದ್ದನೆಯ ಪಟ್ಟಿ ಬಂದಿದೆಯೆಂದರೆ ಅದು ಬಹುಶಃ ಐಜಿಜಿ ಅಥವಾ ಅದರದೇ ಒಂದು ಬಗೆಯಾದ ಐಜಿಜಿ4 ಎಂಬ ಪ್ರತಿಕಾಯದ ಪರೀಕ್ಷೆ. ವರದಿಯ ತಲೆಬರಹದಲ್ಲಿ ನೋಡಿಕೊಳ್ಳಿ. ಈ ಪ್ರತಿಕಾಯವು ನಾವು ಆಗಾಗ ತಿನ್ನುವ ಆಹಾರಗಳಿಗೆಲ್ಲ ಆರೋಗ್ಯವಂತರ ರಕ್ತದಲ್ಲೂ ಹುಟ್ಟುತ್ತದೆ. ನಿಮ್ಮ ಮಗಳ ವರದಿಯಲ್ಲಿ ಅವಳು ದಿನನಿತ್ಯ ತಿನ್ನುವ ಪದಾರ್ಥಗಳೇ ಕೆಂಪಾಗಿರುವುದರ ಗುಟ್ಟು ಇದೇ. ಅವಳು ಎಂದೂ ತಿನ್ನದ ಆಹಾರಗಳ ಸಾಲನ್ನು ನೋಡಿದರೆ ಅಲ್ಲಿ ಬಹುತೇಕ ಹಸಿರೇ ಇರುತ್ತದೆ. ಯೂರೋಪಿನ ಅಲರ್ಜಿ ಮತ್ತು ರೋಗನಿರೋಧ ವಿಜ್ಞಾನ ಅಕಾಡೆಮಿಯ ತಜ್ಞರ ತಂಡವು 2008ರಲ್ಲಿಯೇ, ಐಜಿಜಿ4 ಇರುವುದು ಆ ಆಹಾರವನ್ನು ದೇಹ ಕಂಡಿದೆ ಎಂಬುದನ್ನಷ್ಟೇ ಸೂಚಿಸುತ್ತದೆ, ಆಹಾರದ ತೊಂದರೆಗಳನ್ನು ಪತ್ತೆಹಚ್ಚಲು ಈ ಪರೀಕ್ಷೆಯನ್ನು ಮಾಡಿಸಬಾರದು ಎಂದು ಸ್ಪಷ್ಟವಾಗಿ ಹೇಳಿತು. ಅಮೆರಿಕ ಮತ್ತು ಕೆನಡಾದ ಅಲರ್ಜಿ ತಜ್ಞರ ಸಂಘಗಳೂ ಇದನ್ನು ಒಪ್ಪಿವೆ. ಇಷ್ಟಾದರೂ ಈ ಪರೀಕ್ಷೆಯನ್ನು ತಂದೆತಾಯಂದಿರಿಗೆ ನೇರವಾಗಿ ಮಾರುವ ವ್ಯಾಪಾರ ನಡೆದೇ ಇದೆ, ಅದರ ಬಗ್ಗೆ ನನಗೆ ಸಿಟ್ಟಿದೆ.

ಐಜಿಇ ಪರೀಕ್ಷೆ ಬೇರೆ; ಚರ್ಮದ ಚುಚ್ಚುಪರೀಕ್ಷೆಯೂ ಅದೇ ಜಾತಿಯದು. ಇವು ಉಪಯುಕ್ತ, ಆದರೆ ಇವು ಕೂಡ ತಾವಾಗಿ ತೀರ್ಪು ಕೊಡುವುದಿಲ್ಲ. ಇಸುಬು ಇದ್ದ ಮಕ್ಕಳಲ್ಲಿ, ಯಾವ ತೊಂದರೆಯೂ ಇಲ್ಲದೆ ತಿನ್ನುತ್ತಿರುವ ಆಹಾರಕ್ಕೂ ಐಜಿಇ ಕಾಣಿಸಿಕೊಳ್ಳುವುದು ಸಾಮಾನ್ಯ. ಆದ್ದರಿಂದ ತಿಂದಾಗ ಏನಾಯಿತು ಎಂಬ ಚರಿತ್ರೆಯೊಂದಿಗೆ ತಾಳೆ ನೋಡಿಯೇ ಅದನ್ನು ಓದಬೇಕು.

ಇನ್ನು ಪಥ್ಯದ ವಿಧಾನ. ಬಿಡಿಸುವುದು ಪರೀಕ್ಷೆಯ ಅರ್ಧ ಭಾಗ ಮಾತ್ರ. ಮತ್ತೆ ಕೊಟ್ಟು ನೋಡುವುದು ಉಳಿದರ್ಧ. ಹೆಚ್ಚಿನ ಮನೆಗಳಲ್ಲಿ ಎರಡನೆಯ ಭಾಗ ನಡೆಯುವುದೇ ಇಲ್ಲ. ಮೂರು ಆಹಾರಗಳನ್ನು ಒಟ್ಟಿಗೆ ನಿಲ್ಲಿಸಿದಾಗ ಸುಧಾರಣೆ ಕಂಡರೂ ಅದು ಯಾವುದರಿಂದ ಎಂದು ಹೇಳಲಾಗುವುದಿಲ್ಲ, ಆ ತಿಂಗಳು ನೆಗಡಿ ಬರಲಿಲ್ಲವೆಂಬುದೇ ಕಾರಣವಾಗಿರಬಹುದು. ವೈದ್ಯರಿಗೆ ನಿಜವಾಗಿ ಸಂದೇಹವಿದ್ದರೆ ಒಂದೇ ಆಹಾರವನ್ನು, ಎರಡರಿಂದ ನಾಲ್ಕು ವಾರಗಳ ಅವಧಿಗೆ, ಔಷಧದಲ್ಲಿ ಯಾವ ಬದಲಾವಣೆಯನ್ನೂ ಮಾಡದೆ ಬಿಡಿಸಿ, ಮತ್ತೆ ಕೊಟ್ಟು, ಲಕ್ಷಣಗಳು ಮರಳುತ್ತವೆಯೇ ಎಂದು ನೋಡುತ್ತಾರೆ. ದಿನಚರಿಯಲ್ಲಿ ಬರೆಯಬೇಕಾದದ್ದು ಊಟದ ಪಟ್ಟಿಗಿಂತ ಹೆಚ್ಚಾಗಿ ರಾತ್ರಿ ಕೆಮ್ಮಿನಿಂದ ಎಚ್ಚರವಾಯಿತೇ, ಓಡಿದಾಗ ಉಬ್ಬಸ ಬಂತೇ, ಉಪಶಮನದ ಇನ್ಹೇಲರನ್ನು ಎಷ್ಟು ಸಲ ಕೊಡಬೇಕಾಯಿತು, ಆ ದಿನ ಮೂಗು ಸುರಿಯುತ್ತಿತ್ತೇ, ಜ್ವರವಿತ್ತೇ ಎಂಬುದನ್ನು. ಈ ಕೊನೆಯ ಎರಡು ಕಲಂಗಳನ್ನು ಸೇರಿಸಿದ ಕೂಡಲೇ ಆಹಾರದ ಮೇಲಿನ ಅನುಮಾನ ಎಷ್ಟೋ ಸಲ ತಾನಾಗಿ ಕರಗಿಹೋಗುವುದನ್ನು ನೋಡಿದ್ದೇನೆ.

ದೀರ್ಘಕಾಲ ಬಿಡಿಸುವುದರಿಂದ ನಷ್ಟವಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಜೊತೆಗೆ ಒಳ್ಳೆಯ ಪ್ರೋಟೀನು. ಅಕ್ಕಿಯಿಂದ ಮಾಡಿದ 'ಹಾಲಿ'ನಲ್ಲಿ ಪ್ರೋಟೀನು ತೀರಾ ಕಡಿಮೆ. ಎಳೆಯ ಮಕ್ಕಳಿಗೆ ಹಾಲಿನ ಬದಲು ಬರೀ ಅದನ್ನೇ ಕೊಟ್ಟು ತೀವ್ರ ಪ್ರೋಟೀನ್ ಕೊರತೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದು. ಇಸುಬಿನ ಹಿನ್ನೆಲೆಯ ಮಗು ಒಂದು ಆಹಾರಕ್ಕೆ ಒಳಗೊಳಗೇ ಐಜಿಇ ಹೊಂದಿದ್ದರೂ ನಿತ್ಯ ತಿನ್ನುತ್ತಿರುವುದರಿಂದಲೇ ಅದನ್ನು ತಾಳಿಕೊಂಡಿರಬಹುದು. ತಿಂಗಳುಗಟ್ಟಲೆ ಬಿಡಿಸಿ ಮತ್ತೆ ಕೊಟ್ಟಾಗ ಆ ತಾಳಿಕೆ ಹೋಗಿ ತೀವ್ರ ಅಲರ್ಜಿಯಾಗಿ ಎರಗಿದ ಉದಾಹರಣೆಗಳಿವೆ. ತಿನ್ನುವುದರಿಂದಲೇ ರಕ್ಷಣೆ ಸಿಗುತ್ತದೆ ಎಂಬುದಕ್ಕೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಕಡಲೆಕಾಯಿಯ ಪ್ರಯೋಗ ಬಲವಾದ ಸಾಕ್ಷಿ. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳನ್ನು ಅದರಲ್ಲಿ ಎರಡು ಗುಂಪು ಮಾಡಿದ್ದರು. ಆರಂಭದ ಚರ್ಮಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಕ್ಕಳ ಪೈಕಿ, ಕಡಲೆಕಾಯಿಯನ್ನು ದೂರವಿಟ್ಟವರಲ್ಲಿ ಶೇಕಡಾ 13.7ರಷ್ಟು ಮಕ್ಕಳಿಗೆ ಐದನೆಯ ವರ್ಷದಲ್ಲಿ ಅದರ ಅಲರ್ಜಿಯಿತ್ತು, ಶೈಶವದಿಂದಲೇ ತಿನ್ನಿಸಿದವರಲ್ಲಿ ಶೇಕಡಾ 1.9ಕ್ಕೆ ಮಾತ್ರ.

ಉತ್ತರ: ಮರುಪ್ರಶ್ನೆ

ಮೇಲಿನ ಎರಡೂ ಉತ್ತರಗಳನ್ನು ಗೌರವದಿಂದಲೇ ಓದಿದೆ, ಆದರೆ ಅವುಗಳಲ್ಲಿ ಒಂದು ಬಗೆಯ ಆತುರವಿದೆ ಎಂದು ನನಗೆ ಅನ್ನಿಸುತ್ತದೆ. 'ವಿರಳ' ಎಂದ ಮಾತ್ರಕ್ಕೆ ಇಲ್ಲವೆಂದು ಆಗುವುದಿಲ್ಲ. ನನ್ನ ಹತ್ತಿರದ ಸಂಬಂಧಿಯ ಕೂಸು ಸದಾ ಗೊರಗೊರ ಎನ್ನುತ್ತ, ತೂಕ ಏರದೆ, ಮತ್ತೆಮತ್ತೆ ನ್ಯುಮೋನಿಯಾ ಎಂದು ಆಂಟಿಬಯಾಟಿಕ್ ಪಡೆಯುತ್ತ ತಿಂಗಳುಗಳನ್ನು ಕಳೆಯಿತು. ಹಾಲಿನ ಬಗ್ಗೆ ತಾಯಿ ಕೇಳಿದಾಗಲೆಲ್ಲ 'ಅದಕ್ಕೂ ಇದಕ್ಕೂ ಸಂಬಂಧವಿಲ್ಲ' ಎಂಬ ಉತ್ತರವೇ ಬರುತ್ತಿತ್ತು. ಕೊನೆಗೆ ಬೇರೊಬ್ಬ ವೈದ್ಯರು ಹಸುವಿನ ಹಾಲಿನ ಅಂಶವನ್ನು ಪೂರ್ತಿಯಾಗಿ ನಿಲ್ಲಿಸಿದ ಮೇಲೆ ಎದೆಯ ಎಕ್ಸ್‌ರೇಯಲ್ಲಿನ ಮಬ್ಬು ತಿಳಿಯಾಯಿತು, ತೂಕವೂ ಏರಿತು. ಹಾಲು ಎದೆಗೆ ಕೇಡು ಮಾಡುವುದಿಲ್ಲವೆಂದು ಇಷ್ಟು ಖಚಿತವಾಗಿ ಹೇಳುವುದು ಇಂತಹ ಮಕ್ಕಳ ಪಾಲಿಗೆ ಅನ್ಯಾಯವಲ್ಲವೆ? ಜಠರದ ಆಮ್ಲ ಮೇಲಕ್ಕೆ ಉಕ್ಕಿ ಶ್ವಾಸನಾಳವನ್ನು ಕೆರಳಿಸುವ ವಿಷಯವನ್ನೂ ಯಾರೂ ಎತ್ತಿಲ್ಲ.

ಉತ್ತರ: ಎಳೆಯುಸಿರು

ನ್ಯಾಯವಾದ ಆಕ್ಷೇಪಣೆ. ನೀವು ವಿವರಿಸಿರುವುದು ಹೈನರ್ ಸಿಂಡ್ರೋಮ್ ಆಗಿದ್ದಿರಬಹುದು. ಡಗ್ಲಸ್ ಹೈನರ್ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ಹಸುವಿನ ಹಾಲಿನ ಪ್ರೋಟೀನಿನ ವಿರುದ್ಧದ ಪ್ರತಿಕ್ರಿಯೆ ಶ್ವಾಸಕೋಶದಲ್ಲಿಯೇ ನಡೆಯುತ್ತದೆ. ಬಿಡದ ಕೆಮ್ಮು, ಉಬ್ಬಸ, ಎಕ್ಸ್‌ರೇಯಲ್ಲಿ ಬಂದುಹೋಗುವ ಮಬ್ಬುಗಳು, ತೂಕ ಏರದಿರುವುದು, ಕಬ್ಬಿಣದ ಕೊರತೆಯ ರಕ್ತಹೀನತೆ ಇದರ ಲಕ್ಷಣಗಳು. ಕೆಲವರಲ್ಲಿ ಶ್ವಾಸಕೋಶದೊಳಗೆ ರಕ್ತಸ್ರಾವವೂ ಆಗುತ್ತದೆ. ಹಾಲು ನಿಲ್ಲಿಸಿದ ಕೆಲವು ದಿನಗಳಿಂದ ವಾರಗಳೊಳಗೆ ಮಗು ಚೇತರಿಸಿಕೊಳ್ಳುತ್ತದೆ. ಆದರೆ ಇದು ಶೈಶವದ ಕಾಯಿಲೆ, ಮತ್ತು ಇದರ ಮಗು ಕಾಯಿಲೆಯ ಮಗುವಿನಂತೆಯೇ ಕಾಣುತ್ತದೆ. ನೆಗಡಿಗಳ ನಡುವೆ ಆಡಿಕೊಂಡು, ಬೆಳವಣಿಗೆಯ ರೇಖೆಯ ಮೇಲೆ ಸರಿಯಾಗಿ ಏರುತ್ತಿರುವ ಐದು ವರ್ಷದ ಮಗುವಿಗೆ ಈ ಚಿತ್ರ ಹೊಂದುವುದಿಲ್ಲ.

ನಿಮ್ಮ ಮಾತಿನಿಂದ ನಾನು ಹೇಳಬೇಕಾಗಿದ್ದ ಇನ್ನೊಂದು ವಿಷಯವೂ ನೆನಪಾಯಿತು. ಆಹಾರವೋ ಅಸ್ತಮಾವೋ ಎಂಬ ಜಗಳದಲ್ಲಿ ಮೂರನೆಯ ಕಾರಣ ಮರೆತುಹೋಗಬಾರದು. ನಾಲ್ಕು ವಾರಕ್ಕೂ ಮೀರಿದ ಕಫದ ಕೆಮ್ಮು, ಹುಟ್ಟಿದಾಗಿನಿಂದಲೇ ಇರುವ ಸದ್ದು, ಹಾಲೂಡಿಸುವಾಗ ಅಥವಾ ನುಂಗುವಾಗ ಉಸಿರುಗಟ್ಟಿ ಕೆಮ್ಮುವುದು, ಏನನ್ನೋ ಬಾಯಿಗೆ ಹಾಕಿಕೊಂಡು ಆಡುತ್ತಿದ್ದಾಗ ಥಟ್ಟನೆ ಶುರುವಾದ ಕೆಮ್ಮು, ಎಣ್ಣೆಯಂತೆ ಹೊಳೆಯುವ ಹೇರಳ ಮಲ, ತೂಕ ನಿಂತುಹೋಗುವುದು, ಬೆರಳಿನ ತುದಿ ಉಬ್ಬುವುದು: ಇವುಗಳಲ್ಲಿ ಯಾವುದಿದ್ದರೂ ಪಥ್ಯದ ಪ್ರಯೋಗವನ್ನು ಬದಿಗಿಟ್ಟು ತಜ್ಞರ ಬಳಿಗೆ ಹೋಗಬೇಕು. ಶ್ವಾಸನಾಳದಲ್ಲಿ ಬೇರೂರಿದ ಬ್ಯಾಕ್ಟೀರಿಯಾ ಸೋಂಕು, ಒಳಗೆ ಸಿಕ್ಕಿಕೊಂಡ ಬೀಜ ಅಥವಾ ಆಟಿಕೆಯ ಚೂರು, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ, ಶ್ವಾಸನಾಳದ ಕಫವನ್ನು ಹೊರದೂಡುವ ಸೂಕ್ಷ್ಮ ರೋಮಕಗಳ ಚಲನೆಯ ಜನ್ಮಜಾತ ದೋಷ ಮುಂತಾದವು ಹೀಗೆ ಕಾಣಿಸಿಕೊಳ್ಳುತ್ತವೆ.

ಆಮ್ಲದ ಉಕ್ಕುವಿಕೆ ಕೆಲವು ಮಕ್ಕಳಲ್ಲಿ ಇದ್ದೇ ಇರುತ್ತದೆ. ಆದರೆ ಎದೆಯುರಿಯಂತಹ ಲಕ್ಷಣವಿಲ್ಲದ, ಅಸ್ತಮಾ ಹತೋಟಿಗೆ ಬಾರದ 306 ಮಕ್ಕಳ ಮೇಲೆ ಆಮ್ಲ ತಗ್ಗಿಸುವ ಲ್ಯಾನ್ಸೊಪ್ರಜೋಲ್ ಪ್ರಯೋಗಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಸ್ತಮಾ ಸುಧಾರಿಸಲಿಲ್ಲ, ಶ್ವಾಸಮಾರ್ಗದ ಸೋಂಕುಗಳು ಮಾತ್ರ ಹೆಚ್ಚಾದವು. ಲಕ್ಷಣವಿದ್ದರೆ ಚಿಕಿತ್ಸೆ ಕೊಡೋಣ, ಊಹೆಯ ಮೇಲೆ ಬೇಡ.

ಉತ್ತರ: ಹೊಸಚಿಗುರು

ನಾನು ವೈದ್ಯೆಯಲ್ಲ, ಅಸ್ತಮಾವೂ ದೃಢಪಟ್ಟ ಹಾಲಿನ ಅಲರ್ಜಿಯೂ ಎರಡೂ ಇರುವ ಮಗನ ತಾಯಿ. ಆಹಾರದ ಅಲರ್ಜಿ ನಿಜವಾಗಿದ್ದಾಗ ಅದು ಹೇಗೆ ಕಾಣುತ್ತದೆ ಎಂಬುದನ್ನು ಹೇಳಿದರೆ ನಸುಕು ಅವರಿಗೆ ಹೋಲಿಸಿ ನೋಡಲು ಅನುಕೂಲವಾಗಬಹುದು.

ನಮ್ಮಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕೂಸಾಗಿದ್ದಾಗ ಮೊದಲ ಸಲ ಹಸುವಿನ ಹಾಲಿನ ಪುಡಿ ಕಲಸಿ ಕೊಟ್ಟು ಬಟ್ಟಲು ಕೆಳಗಿಡುವಷ್ಟರಲ್ಲಿ ಬಾಯಿಯ ಸುತ್ತ ದದ್ದುಗಳೆದ್ದು, ವಾಂತಿಯಾಗಿ, ಆಮೇಲೆ ಉಬ್ಬಸ ಶುರುವಾಯಿತು. ವರ್ಷಗಳ ನಂತರ, ಅಲರ್ಜಿ ಕಳೆದಿದೆಯೇ ಎಂದು ತಿಳಿಯಲು ಆಸ್ಪತ್ರೆಯಲ್ಲಿ ಆಹಾರ ಪರೀಕ್ಷೆ ನಡೆಸಿದರು. ಅಲರ್ಜಿಯ ಮಾತ್ರೆಗಳನ್ನು ಮುಂಚಿತವಾಗಿ ನಿಲ್ಲಿಸಿದ್ದೆವು. ಆದರೆ ಅಸ್ತಮಾದ ಇನ್ಹೇಲರನ್ನು ತಪ್ಪಿಸಕೂಡದು, ಆ ವಾರ ಕೆಮ್ಮಿದ್ದರೆ ಬರಲೇಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಮೊದಲು ಊದಿಸಿ ಉಸಿರಿನ ಅಳತೆ ತೆಗೆದುಕೊಂಡರು. ಆಮೇಲೆ ತುಟಿಯ ಒಳಬದಿಗೆ ಒಂದು ಹನಿ ಹಾಲು. ಕಾಯ್ದು, ಚರ್ಮ ನೋಡಿ, ಎದೆಗೆ ಸ್ಟೆಥಾಸ್ಕೋಪಿಟ್ಟು, ನಂತರ ಸಿರಿಂಜಿನಲ್ಲಿ ಅಳೆದ ಒಂದಿಷ್ಟು, ಮತ್ತೆ ಅದಕ್ಕಿಂತ ಹೆಚ್ಚು, ಹೀಗೆ ಮುಂದುವರಿದರು. ತೀವ್ರ ಅಲರ್ಜಿಗೆ ತುರ್ತಾಗಿ ಕೊಡುವ ಎಪಿನೆಫ್ರಿನ್ ಇಂಜೆಕ್ಷನ್ನಿನ ಪ್ರಮಾಣವನ್ನು ಅವನ ತೂಕಕ್ಕೆ ತಕ್ಕಂತೆ ಲೆಕ್ಕಹಾಕಿ ಚೀಟಿಯಲ್ಲಿ ಬರೆದು ಮಂಚದ ತಲೆಗೇ ಅಂಟಿಸಿದ್ದರು. ನಾಲ್ಕನೆಯ ಪ್ರಮಾಣಕ್ಕೆ ಕತ್ತಿನ ಮೇಲೆ ದದ್ದು ಎದ್ದಿತು, ಅವನು ಗಂಟಲು ಸರಿಪಡಿಸಿಕೊಳ್ಳತೊಡಗಿದ. ಅಲ್ಲಿಗೆ ನಿಲ್ಲಿಸಿ ಚಿಕಿತ್ಸೆ ಕೊಟ್ಟರು. ಇಷ್ಟೆಲ್ಲ ಏರ್ಪಾಡು ಬೇಕಾಗುವ ಕೆಲಸವನ್ನು ಮನೆಯಲ್ಲಿ ಅಂದಾಜಿನ ಮೇಲೆ ಮಾಡಬಾರದು ಎಂಬುದು ನನಗೆ ಅಂದು ಅರ್ಥವಾಯಿತು.

ನಾವು ಗಮನಿಸಿದ ಇನ್ನೊಂದು ವಿಷಯವಿದೆ. ಹಾಲನ್ನು ಕಟ್ಟುನಿಟ್ಟಾಗಿ ದೂರವಿಟ್ಟ ವರ್ಷಗಳಲ್ಲೂ ಅವನ ಅಸ್ತಮಾ ತನ್ನ ಪಾಡಿಗೆ ತಾನು ನಡೆದಿತ್ತು. ನೆಗಡಿ ಬಂದಾಗ ಏರುತ್ತಿತ್ತು, ನಿತ್ಯದ ಇನ್ಹೇಲರ್ ಸರಿಯಾಗಿ ಕೊಟ್ಟಾಗ ಇಳಿಯುತ್ತಿತ್ತು. ಹಾಲಿನ ಪಥ್ಯದಿಂದ ಅಲರ್ಜಿಯ ಆಘಾತಗಳು ತಪ್ಪಿದವೇ ಹೊರತು ಕೆಮ್ಮು ಒಂದಿಷ್ಟೂ ತಗ್ಗಲಿಲ್ಲ. ಹಾಲು ಉಕ್ಕಿ ಆವಿ ಏಳುವ ಅಡುಗೆಮನೆಯಲ್ಲಿ ನಿಂತಾಗ ಮಾತ್ರ ಒಂದೆರಡು ಸಲ ಕೆಮ್ಮಿದ್ದುಂಟು. ಬಿಸಿ ಆವಿಯಲ್ಲಿ ತೇಲುವ ಪ್ರೋಟೀನು ಉಸಿರಿನ ಮೂಲಕವೇ ಒಳಹೋಗುತ್ತದೆ, ಮೀನು ಬೇಯಿಸುವಾಗಲೂ ಅದಕ್ಕೆ ಅಲರ್ಜಿ ಇರುವವರಿಗೆ ಹೀಗಾಗುತ್ತದೆ ಎಂದು ವೈದ್ಯರು ಹೇಳಿದರು.

ಮರುಪ್ರತಿಕ್ರಿಯೆ: ನಸುಕು

ಎಲ್ಲರಿಗೂ ಕೃತಜ್ಞತೆಗಳು. ವರದಿಯನ್ನು ತೆಗೆದು ನೋಡಿದೆ. ಅದು ಐಜಿಜಿ ಪರೀಕ್ಷೆಯೇ. ಮಗಳ ತೂಕ, ಎತ್ತರ ಸರಿಯಾಗಿಯೇ ಏರುತ್ತಿವೆ, ಮೇಲೆ ಪಟ್ಟಿ ಮಾಡಿರುವ ಇತರ ಲಕ್ಷಣಗಳೂ ಇಲ್ಲ. ಈಗ ಹಾಲು, ಗೋಧಿ, ಮೊಟ್ಟೆಗಳನ್ನು ಮತ್ತೆ ಆರಂಭಿಸಬೇಕೆಂದರೆ ಹೇಗೆ? ಬಿಡಿಸಿ ಎರಡು ತಿಂಗಳ ಮೇಲಾಗಿರುವುದರಿಂದ, ತಾಳಿಕೆ ಹೋಗಿರಬಹುದೆಂಬ ಮಾತು ಓದಿ ಸ್ವಲ್ಪ ಅಂಜಿಕೆಯಾಗಿದೆ.

ಉತ್ತರ: ಅಳತೆಬಟ್ಟಲು

ಅಂಜಿಕೆ ಹುಟ್ಟಿಸಿದವಳು ನಾನಾದ್ದರಿಂದ ಉತ್ತರವನ್ನೂ ನಾನೇ ಕೊಡಬೇಕು. ಮುಂಚೆ ಈ ಮೂರನ್ನೂ ವರ್ಷಗಟ್ಟಲೆ ಯಾವ ತಕ್ಷಣದ ತೊಂದರೆಯೂ ಇಲ್ಲದೆ ತಿಂದಿದ್ದಾಳೆ, ಬಿಡಿಸಿರುವ ಅವಧಿಯೂ ತೀರಾ ದೀರ್ಘವಲ್ಲ. ಆದ್ದರಿಂದ ಅಪಾಯ ಕಡಿಮೆ. ಆದರೂ ಇಸುಬಿನ ಹಿನ್ನೆಲೆ ಮತ್ತು ಅಸ್ತಮಾ ಎರಡೂ ಇರುವುದರಿಂದ ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ. ಹಾಲು, ಮೊಟ್ಟೆಗಳಿಗೆ ಐಜಿಇ ಪರೀಕ್ಷೆ ಬೇಕೇ, ಮೊದಲ ತುತ್ತನ್ನು ಚಿಕಿತ್ಸಾಲಯದಲ್ಲಿಯೇ ಕೊಡಬೇಕೇ ಎಂಬುದನ್ನು ಅವರು ನಿರ್ಧರಿಸಲಿ. ಮನೆಯಲ್ಲಿ ಕೊಡಬಹುದೆಂದು ಅವರು ಹೇಳಿದರೆ, ಕೆಮ್ಮು–ನೆಗಡಿ ಇಲ್ಲದ ದಿನ ನೋಡಿ, ರಾತ್ರಿಯ ಬದಲು ಬೆಳಗಿನ ಹೊತ್ತು, ಒಂದೇ ಆಹಾರವನ್ನು ಚಮಚದ ತುದಿಯಷ್ಟರಿಂದ ಆರಂಭಿಸಿ, ಎರಡು ಗಂಟೆ ಕಣ್ಣಳತೆಯಲ್ಲಿಟ್ಟುಕೊಂಡು, ಮುಂದಿನ ಕೆಲವು ದಿನಗಳಲ್ಲಿ ಮೊದಲಿನ ಪ್ರಮಾಣಕ್ಕೆ ಏರಿಸಿ. ಅದು ನೆಲೆಗೊಂಡ ಮೇಲೆ ಎರಡನೆಯದು. ದದ್ದು, ಊತ, ಪದೇಪದೇ ವಾಂತಿ, ಉಬ್ಬಸ ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ ವೈದ್ಯರನ್ನು ಕಾಣಿ. ಉಸಿರಾಟಕ್ಕೆ ಕಷ್ಟವಾದರೆ ಅಥವಾ ಮಗು ಸುಸ್ತಾಗಿ ಬಿದ್ದರೆ ತುರ್ತು ಚಿಕಿತ್ಸೆಗೆ ಹೊರಡುವುದರಲ್ಲಿ ತಡ ಮಾಡಬೇಡಿ.

ಹಾಲನ್ನೇ ಮೊದಲು ಆರಿಸಿಕೊಳ್ಳುವುದು ಒಳ್ಳೆಯದು, ಅವಳ ಆಹಾರದಲ್ಲಿ ಅದರಿಂದ ಆಗಿರುವ ಕೊರತೆಯೇ ಹೆಚ್ಚು. ನಡುವೆ ನೆಗಡಿ ಬಂದರೆ ಹೊಸ ಆಹಾರ ಸೇರಿಸುವುದನ್ನು ಅಷ್ಟು ದಿನ ಮುಂದೂಡಿ, ಇಲ್ಲವಾದರೆ ಆ ಕೆಮ್ಮಿನ ಹೊಣೆಯೂ ಹಾಲಿನ ತಲೆಗೇ ಬರುತ್ತದೆ.